ನೆಲಮಾಳಿಗೆಯಿಂದ ನಾಲ್ಕನೇ ಮಹಡಿಗೆ ಒಂದು ಹಾಡು

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂರು ಟ್ಯೂಬ್‌ಲೈಟುಗಳು ಒಂದಾದ ಮೇಲೊಂದು ಕಣ್ಣು ಮಿಟುಕಿಸಿ ಹತ್ತಿಕೊಳ್ಳುತ್ತವೆ. ರಬ್ಬರ್ ಬೂಟು, ಮೊಣಕೈವರೆಗಿನ ಕೈಗವಸು, ಮುಂದೆ ಪ್ಲಾಸ್ಟಿಕ್ ಏಪ್ರನ್ ತೊಟ್ಟ ಐವತ್ತೊಂದರ ಹೆಂಗಸೊಬ್ಬರು ಗೋಡೆಯಿಂದ ಹೊರಚಾಚಿದ ತಗಡಿನ ಕೊಳವೆಯ ಕೆಳಗೆ ಟ್ರಾಲಿ ತಳ್ಳಿ ನಿಲ್ಲಿಸುತ್ತಾರೆ. ಐದು ಮಹಡಿಗಳ ಕೊಳೆ ಬಟ್ಟೆಯೆಲ್ಲ ಈ ಕೊಳವೆಯೊಳಗೆ ಜಾರಿಕೊಂಡೇ ಕೆಳಗೆ ಬರಬೇಕು. ಮೇಲೆಲ್ಲೋ ಒಂದು ಬಾಗಿಲು ತೆರೆದ ಸದ್ದು, ತಗಡು ಸವರಿಕೊಂಡು ಬರುವ ಸದ್ದು, ಕೊನೆಗೆ ಧೊಪ್ಪನೆ ದಿನದ ಮೊದಲ ಗಂಟು. "ಬಾ, ಇವತ್ತು ನೀನೇ ಮೊದಲು" ಎಂದು ಅದನ್ನು ಬರಮಾಡಿಕೊಳ್ಳುತ್ತಾರೆ.

ಹರಿದ ಬಟ್ಟೆಗೆ ಹೊಲಿಗೆ ಹಾಕುವವರಿಂದ ಹಿಡಿದು ಮೇಲ್ವಿಚಾರಕರವರೆಗೆ ಎಲ್ಲರಿಗೂ ಅವರು ಅಕ್ಕ. ನಾವೂ ಹಾಗೇ ಕರೆಯೋಣ. ಅಕ್ಕ ಯಾವ ಬಟ್ಟೆಯನ್ನೂ ಹಾಗೇ ಯಂತ್ರಕ್ಕೆ ಎಸೆಯುವವರಲ್ಲ. ಪ್ರತಿ ಹಾಸನ್ನೂ ಬಿಡಿಸಿ, ಕೊಡವಿ, ಅಂಚಿನಿಂದ ಅಂಚಿಗೆ ಅಂಗೈ ಆಡಿಸುತ್ತಾರೆ. ದಿಂಬಿನ ಚೀಲವಾದರೆ ಒಳಗೆ ಕೈ ಹಾಕಿ ಮೂಲೆ ತಡಕುತ್ತಾರೆ. ಮಲಗಿದವರ ಜೊತೆ ಏನೇನೋ ಹಾಸಿಗೆ ಸೇರಿರುತ್ತದೆ ನೋಡಿ. ಕನ್ನಡಕ, ಉಂಗುರ, ಥರ್ಮಾಮೀಟರು, ಔಷಧಿ ನುಂಗಿದೆ ಎಂದು ನರ್ಸಿಗೆ ಹೇಳಿ ಬಚ್ಚಿಟ್ಟ ಮಾತ್ರೆಗಳು. ಒಮ್ಮೆ ಒಂದೇ ವಾರದಲ್ಲಿ ನಾಲ್ಕು ಸೆಟ್ಟು ಹಲ್ಲು ಸಿಕ್ಕಿದ್ದವಂತೆ. ಯಾವುದು ಯಾರದೆಂದು ಪತ್ತೆ ಹಚ್ಚುವುದರೊಳಗೆ ಮೇಲಿನವರಿಗೆ ಸಾಕುಸಾಕಾಗಿತ್ತು.

ದಿನಕ್ಕೆ ಆರುನೂರ ಐವತ್ತು ಹಾಸು, ಹೆಚ್ಚುಕಡಿಮೆ ಅಷ್ಟೇ ದಿಂಬಿನ ಚೀಲ, ಇನ್ನೂರು ಹೊದಿಕೆ, ಶಸ್ತ್ರಚಿಕಿತ್ಸೆ ಕೋಣೆಯ ಹಸಿರು ಬಟ್ಟೆ ಬೇರೆ. ರಕ್ತ ಅಂಟಿದ್ದಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿ. ಅವಸರಪಟ್ಟು ಬಿಸಿನೀರು ಬಿಟ್ಟರೆ ಆ ಕಲೆ ಹಾಸು ಹರಿಯುವವರೆಗೂ ಹೋಗುವುದಿಲ್ಲ. ಬ್ಲೀಚಿನ ವಾಸನೆಗೆ ಮೊದಲ ಆರು ತಿಂಗಳು ಅಕ್ಕನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಈಗ ಮೂಗು ಪಳಗಿದೆ, ಮಂಡಿ ಮಾತ್ರ ಹಟ ಹಿಡಿದಿದೆ. ಇಪ್ಪತ್ತೆರಡು ವರ್ಷ ಒದ್ದೆ ನೆಲದ ಮೇಲೆ ನಿಂತ ಮಂಡಿಯಿಂದ ಇದಕ್ಕಿಂತ ಹೆಚ್ಚಿನ ಸಹಕಾರ ನಿರೀಕ್ಷಿಸುವುದು ತಪ್ಪು ಎಂದು ಅವರೇ ಹೇಳುತ್ತಾರೆ.

ಯಂತ್ರ ತುಂಬಿ, ಬಾಗಿಲು ಮುಚ್ಚಿ, ಅಕ್ಕ ಗುಂಡಿ ಒತ್ತುತ್ತಾರೆ. ಒಳಗೆ ನೀರು ಬಿದ್ದ ಸದ್ದೂ ಸರಿಯಾಗಿ ಕೇಳದಷ್ಟು ನಯದ ಹೊಸ ಯಂತ್ರ. ಕೈಗವಸು ಕಳಚಿ, ಅಂಗೈಯನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಕ್ಕನ ಬೆಳಗಿನ ಪ್ರಾರ್ಥನೆ ಶುರುವಾಗುವುದು ಇದೇ ಗಳಿಗೆಯಲ್ಲಿ, ಅದೂ ಗಂಟಲು ಬಿಚ್ಚಿದ ಹಾಡಿನಲ್ಲಿ. ಮೂರು ತಿಂಗಳ ಹಿಂದೆ ಆ ಹಾಡು ಇದ್ದಕ್ಕಿದ್ದಂತೆ ನಿಂತುಹೋಯಿತು. ಹಾಡಿನ ಜೊತೆ ಪ್ರಾರ್ಥನೆಯೂ ಹೋಯಿತೆಂದೇ ಅಕ್ಕ ಹೆದರಿದ್ದರು. ಅದು ಹೇಗೆ ಹೋಯಿತು, ಹೋಗಿದ್ದು ಏನಾಯಿತು ಎನ್ನುವುದೇ ಈ ಬರಹದ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಅಕ್ಕನಿಗೆ ಹಾಡಲು ಬರುವುದಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು, ನಿಜಕ್ಕೂ ಬರುವುದಿಲ್ಲ. ಶ್ರುತಿ ಒಂದು ಕಡೆ, ಅಕ್ಕ ಇನ್ನೊಂದು ಕಡೆ. ಮೇಲಕ್ಕೆ ಹೋಗಬೇಕಾದಲ್ಲಿ ಧ್ವನಿ ಪಕ್ಕಕ್ಕೆ ಹೋಗುತ್ತದೆ.

ಅವರ ತಾಯಿ ಚರ್ಚಿನ ಕಸ ಗುಡಿಸುತ್ತಿದ್ದವರು. ಅಮ್ಮ ನೆಲ ಒರೆಸುವಾಗ ಬೆಂಚುಗಳ ಕೆಳಗೆ ಆಡಿಕೊಂಡು ಬೆಳೆದ ಹುಡುಗಿಗೆ ಗಾಯನ ತಂಡದ ಅಭ್ಯಾಸ ಕೇಳಿ ಕೇಳಿ ಎಲ್ಲ ಹಾಡೂ ಬಾಯಿಪಾಠ. ಹದಿಮೂರಕ್ಕೆ ಅವಳನ್ನೂ ತಂಡಕ್ಕೆ ಸೇರಿಸಿಕೊಂಡರು. ಎರಡನೇ ಭಾನುವಾರವೇ ತಂಡದ ಮೇಷ್ಟ್ರು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಮೇಷ್ಟ್ರು ಕೆಟ್ಟವರಲ್ಲ, ಮಕ್ಕಳನ್ನು ಗದರಿಸಿದವರೂ ಅಲ್ಲ. ನಿನಗೆ ಮಾತುಗಳೆಲ್ಲ ಚೆನ್ನಾಗಿ ಬರುತ್ತವೆ, ನೀನು ಮುಂದಿನ ಸಾಲಲ್ಲೇ ನಿಲ್ಲು ಮಗಳೇ, ಆದರೆ ತುಟಿ ಆಡಿಸಿದರೆ ಸಾಕು ಎಂದರಂತೆ.

"ನಾಲ್ಕು ವರ್ಷ ತುಟಿ ಆಡಿಸಿದೆ. ದೇವರಿಗೆ ತುಟಿ ನೋಡಿ ಓದೋಕೆ ಬರುತ್ತೆ ಅಂತ ಸಮಾಧಾನ ಮಾಡ್ಕೊಂಡಿದ್ದೆ" ಎನ್ನುತ್ತಾರೆ ಅಕ್ಕ. ನಗುತ್ತಲೇ ಹೇಳುತ್ತಾರೆ, ಆದರೆ ಮೂವತ್ತೆಂಟು ವರ್ಷ ಹಿಂದಿನ ಆ ಭಾನುವಾರ ಮೇಷ್ಟ್ರು ಯಾವ ಬಣ್ಣದ ಅಂಗಿ ಹಾಕಿದ್ದರು ಎನ್ನುವುದೂ ಅವರಿಗೆ ನೆನಪಿದೆ.

ಮುಂದೆ ಮದುವೆಯಾಯಿತು. ಗಂಡ ಮರ ಕೊಯ್ಯುವ ಕಾರ್ಖಾನೆಯಲ್ಲಿ ಬಡಗಿ. ಗರಗಸದ ಆರ್ಭಟಕ್ಕೆ ಮೂವತ್ತು ದಾಟುವ ಹೊತ್ತಿಗೆ ಅವರ ಎರಡೂ ಕಿವಿ ಮಂದವಾಗಿದ್ದವು. ನನ್ನ ಹಾಡಿನ ಕೈಯಿಂದ ಬಚಾವಾಗಲಿ ಅಂತ ದೇವರೇ ಮೊದಲೇ ವ್ಯವಸ್ಥೆ ಮಾಡಿದ್ದ ಎಂದು ಅಕ್ಕ ಅವರೆದುರೇ ಚುಡಾಯಿಸುತ್ತಾರೆ, ಅವರು ಏನೂ ಕೇಳದೆ ಹೌದೌದು ಎಂದು ತಲೆಯಾಡಿಸುತ್ತಾರೆ. ಮಗಳಿಗೆ ಎಂಟು ತಿಂಗಳಾಗಿದ್ದಾಗ ಅದೇ ಗರಗಸ ಗಂಡನ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಹೆಬ್ಬೆರಳು, ತೋರುಬೆರಳು ಉಳಿದವು. ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಬಂದಿದ್ದು ಆಗಲೇ. ಗಂಡನ ಕೈಗೆ ಬ್ಯಾಂಡೇಜು ಕಟ್ಟಿದ ಆಸ್ಪತ್ರೆಯೇ ಹೆಂಡತಿಗೆ ಕೆಲಸವನ್ನೂ ಕೊಟ್ಟಿತು.

ಆ ದಿನಗಳಲ್ಲಿ ಅಕ್ಕ ದೇವರ ಜೊತೆ ಮಾತು ಬಿಟ್ಟಿದ್ದರು. ಚರ್ಚಿಗೆ ಹೋಗುತ್ತಿದ್ದರು, ಕೂರುತ್ತಿದ್ದರು, ಏಳುತ್ತಿದ್ದರು, ಅಷ್ಟೇ. ಬಡಗಿಯ ಬೆರಳು ಕಿತ್ತುಕೊಳ್ಳುವ ದೇವರ ಹತ್ತಿರ ಕೇಳುವುದಾದರೂ ಏನಿದೆ ಎಂದು ಎಂಟು ತಿಂಗಳು ಮುನಿಸಿಕೊಂಡೇ ಇದ್ದರು.

ನೆಲಮಾಳಿಗೆಯಲ್ಲಿ ಆಗ ಇದ್ದದ್ದು ಮೂರು ಹಳೆಯ ಯಂತ್ರಗಳು. ತಿರುಗಲು ಶುರುವಾದರೆ ನೆಲ ನಡುಗುತ್ತಿತ್ತು, ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಂತವರ ಜೊತೆ ಮಾತಾಡಬೇಕೆಂದರೂ ಕೈಸನ್ನೆಯೇ ಗತಿ. ಒಂದು ಬೆಳಗ್ಗೆ ಆ ಗದ್ದಲದ ನಡುವೆ ಅಕ್ಕ ಇದ್ದಕ್ಕಿದ್ದ ಹಾಗೆ ದೇವರ ಮೇಲೆ ಕೂಗಾಡಲು ಶುರು ಮಾಡಿದರು. ಎಷ್ಟು ಕೂಗಿದರೂ ಯಾರಿಗೂ ಕೇಳದ ಜಾಗ, ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗುತ್ತದೆ?

"ಜಗಳಕ್ಕೇ ಅಂತ ಬಾಯಿ ತೆಗೆದಿದ್ದು. ಮೂರು ಬೆರಳು ಯಾಕೆ ತಗೊಂಡೆ, ಮೂರು ಬೆರಳು ಯಾಕೆ ತಗೊಂಡೆ ಅಂತ. ಯಂತ್ರ ತಿರುಗೋ ತಾಳಕ್ಕೆ ಅದು ಸರಿಯಾಗಿ ಕೂತ್ಕೊಂಡುಬಿಡ್ತು. ಹೇಳ್ತಾ ಹೇಳ್ತಾ ನನಗೇ ಗೊತ್ತಿಲ್ಲದ ಹಾಗೆ, ಎರಡು ಬೆರಳು ಯಾಕೆ ಬಿಟ್ಟೆ ಅಂತ ಬಾಯಿಗೆ ಬಂತು. ಹೌದಲ್ಲ, ಎರಡು ಬಿಟ್ಟಿದ್ದಾನಲ್ಲ ಅನ್ನಿಸ್ತು. ಆ ಎರಡು ಬೆರಳಲ್ಲೇ ಅವರು ಮಗೂಗೆ ಚಮಚದಲ್ಲಿ ಗಂಜಿ ಕುಡಿಸ್ತಿದ್ರು. ಅದನ್ನೂ ಹಾಡಿದೆ. ಹಾಡಿ ಮುಗಿಸೋ ಹೊತ್ತಿಗೆ ನಗ್ತಾ ಇದ್ದೆ."

ಅಂದು ಶುರುವಾದದ್ದು ನಿಲ್ಲಲಿಲ್ಲ. ಚರ್ಚಿನಲ್ಲಿ ಕಲಿತ ಸ್ತೋತ್ರಗಳು ಅವರಿಗೆ ಒಂದಷ್ಟು ದೂರ ಜೊತೆ ಕೊಡುತ್ತವೆ, ಆಮೇಲೆ ಅಕ್ಕ ತಮ್ಮದೇ ದಾರಿ ಹಿಡಿಯುತ್ತಾರೆ. ಸ್ತೋತ್ರ ಯೇಸಪ್ಪಾ, ಇವತ್ತು ಬಸ್ಸು ಸಿಕ್ತಪ್ಪಾ. ಸ್ತೋತ್ರ ಯೇಸಪ್ಪಾ, ಮಂಡಿ ಇನ್ನೂ ಮಡಚುತ್ತಪ್ಪಾ. ಇಂಥ ಸಾಲುಗಳಿಗೆ ಕೊನೆಯೇ ಇಲ್ಲ. ದೂರುಗಳೂ ಅದರಲ್ಲೇ ಸೇರುತ್ತವೆ. ಆದರೆ ದೂರು ಹೇಳುತ್ತಾ ಹೋದರೂ ಹಾಡು ಹೇಗೋ ಏನೋ ತಿರುಗಿ ಸಂತೋಷದ ಕಡೆಗೇ ಬಂದು ನಿಲ್ಲುತ್ತದೆ ಎನ್ನುವುದು ಅವರ ಅನುಭವ.

ಮಂಡಿಯೂರಿ, ಕಣ್ಣು ಮುಚ್ಚಿ, ಮೆಲುದನಿಯಲ್ಲಿ ಮಾಡುವ ಪ್ರಾರ್ಥನೆ ಅವರಿಗೆ ಒಗ್ಗಿದ್ದೇ ಇಲ್ಲ. ಪ್ರಯತ್ನಿಸಿದಾಗಲೆಲ್ಲ ನಿದ್ದೆ ಬಂದಿದೆ, ಇಲ್ಲವೇ ಯಾವುದೋ ಕಚೇರಿಗೆ ಅರ್ಜಿ ಬರೆಯುತ್ತಿರುವ ಹಾಗೆ ಅನ್ನಿಸಿದೆ. "ಮಾತಲ್ಲಿ ಕೇಳಿದ್ರೆ ಬರೀ ಅದು ಕೊಡು ಇದು ಕೊಡು ಅಂತಲೇ ಆಗುತ್ತೆ ನನಗೆ. ಹಾಡಿದ್ರೆ ಕೊಟ್ಟಿದ್ದು ನೆನಪಾಗುತ್ತೆ" ಎನ್ನುವುದು ಅವರ ಲೆಕ್ಕಾಚಾರ. ದೊಡ್ಡ ದೊಡ್ಡ ಉಪದೇಶಗಳಲ್ಲಿಯೂ ಇಷ್ಟು ಸರಳವಾಗಿ ಯಾರೂ ಹೇಳಿದ್ದನ್ನು ಕೇಳಿದ ನೆನಪಿಲ್ಲ.

ಮನೆಯಲ್ಲಿ ಮಾತ್ರ ಅಕ್ಕ ಹಾಡುವುದಿಲ್ಲ. ತಾಯಿಗೆ ಸಿಗದ ಕಂಠವೆಲ್ಲ ಮಗಳಿಗೆ ಸಿಕ್ಕಿದೆ. ಇಪ್ಪತ್ತೆರಡರ ಆಕೆ ಈಗ ಅದೇ ಚರ್ಚಿನ ಗಾಯನ ತಂಡದಲ್ಲಿ ಮುಖ್ಯ ಗಾಯಕಿ, ಜೊತೆಗೆ ಶಿಕ್ಷಕಿಯ ತರಬೇತಿ ಮುಗಿಸುತ್ತಿದ್ದಾಳೆ. ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಚರ್ಚಿನಲ್ಲಿ ಅಮ್ಮ ಮೈಮರೆತು ಧ್ವನಿ ಎತ್ತಿದ್ದಕ್ಕೆ ಸೆರಗು ಎಳೆದು, ಎಲ್ಲರೂ ನೋಡ್ತಿದಾರೆ, ಮೆಲ್ಲಗೆ ಹಾಡಮ್ಮ ಎಂದಿದ್ದಳು. ಅಂದಿನಿಂದ ಅಕ್ಕನ ಜಾಗ ಕೊನೆಯ ಬೆಂಚು, ಕೆಲಸ ಮತ್ತೆ ತುಟಿ ಆಡಿಸುವುದು. ಮಗಳು ಹಾಡುವಾಗ ಕಣ್ಣು ತುಂಬಿಕೊಂಡು ಕೂರುತ್ತಾರೆ, ಸೋಮವಾರ ಬೆಳಗ್ಗೆ ಐದೂಕಾಲಿಗೆ ಯಂತ್ರದ ಗದ್ದಲದಲ್ಲಿ ಬಾಕಿಯೆಲ್ಲ ತೀರಿಸಿಕೊಳ್ಳುತ್ತಾರೆ.

ಹೀಗೆ ಇಪ್ಪತ್ತೆರಡು ವರ್ಷ ಹೋಯಿತು. ಮೂರು ತಿಂಗಳ ಹಿಂದೆ ಹಳೆಯ ಯಂತ್ರಗಳು ಹೋಗಿ ಹೊಸವು ಬಂದವು. ಕೆಲಸದವರಿಗೆಲ್ಲ ಹಿಗ್ಗೋ ಹಿಗ್ಗು. ಇನ್ನು ತಲೆನೋವಿಲ್ಲ, ಕೈಸನ್ನೆಯಿಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಮೊದಲ ದಿನ ಬೆಳಗ್ಗೆ ಮೇಲ್ವಿಚಾರಕರೂ ಸೇರಿ ಏಳು ಜನ ಸುತ್ತ ನಿಂತಿದ್ದರು. ಗುಂಡಿ ಒತ್ತುವ ಗೌರವ ಹಿರಿಯಳೆಂದು ಅಕ್ಕನಿಗೇ ಬಂತು. ಅಕ್ಕ ಒತ್ತಿದರು. ಗುಂಡಿ ಒತ್ತಿದ ಮೇಲೆ ಬಾಯಿ ತೆರೆಯುವುದು ಕೈಕಾಲಿಗೆ ಬಂದ ಅಭ್ಯಾಸದ ಹಾಗೆ ಆಗಿಹೋಗಿತ್ತಲ್ಲ, ಸ್ತೋತ್ರ ಯೇಸಪ್ಪಾ ಎಂದು ಪೂರ್ತಿ ಗಂಟಲಲ್ಲಿ ಎತ್ತಿಯೇಬಿಟ್ಟರು.

ಯಂತ್ರ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು ಅಷ್ಟೇ. ಅಕ್ಕನ ಧ್ವನಿ ನಾಲ್ಕು ಗೋಡೆಗೂ ಬಡಿದು ವಾಪಸು ಬಂತು. ತಮ್ಮ ಧ್ವನಿಯನ್ನು ಅಕ್ಕ ಅಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದು ಜೀವನದಲ್ಲಿ ಅದೇ ಮೊದಲು. ಏಳೂ ಜನ ತಿರುಗಿ ನೋಡಿದರು. ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಅದರಲ್ಲಿ ಕೆಡುಕೇನೂ ಇರಲಿಲ್ಲ, ಬೆಚ್ಚಿಬಿದ್ದವರು ನಗುವ ಹಾಗೆ ನಕ್ಕಿದ್ದು. ಅಕ್ಕ ಉಳಿದ ಸಾಲನ್ನು ನುಂಗಿಕೊಂಡು ಇನ್ನೊಂದು ಟ್ರಾಲಿ ತರುವ ನೆಪದಲ್ಲಿ ಹೊರಗೆ ಹೋದರು.

ಮಾರನೆಯ ದಿನ ಹಾಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬಸ್ಸಿನಲ್ಲಿ ಮನಸ್ಸಿನೊಳಗೇ ಹಾಡಿ ನೋಡಿದರು, ಎರಡು ಸಾಲಿಗೆ ನಿಂತುಹೋಯಿತು. ಮನೆಯಲ್ಲಿ ಮಂಡಿಯೂರಿ ಕುಳಿತರು, ಮತ್ತದೇ ಅರ್ಜಿ, ಮತ್ತದೇ ನಿದ್ದೆ. ದಿನಗಳು ಕಳೆದಂತೆ ಮಾತು ಕಡಿಮೆಯಾಯಿತು, ಸಿಡುಕು ಹೆಚ್ಚಿತು. ಗಂಡ ಅದನ್ನು ಗುರುತಿಸಿದ ಬಗೆಯೇ ಬೇರೆ. ಬೆಳಗ್ಗೆ ಅಲ್ಲಿ ಹೇಳಿಕೊಂಡು ಬರುತ್ತಿದ್ದ ದೂರುಗಳೆಲ್ಲ ಈಗ ನೇರ ನನ್ನ ಮೇಲೇ ಬೀಳುತ್ತಿವೆ, ಸದ್ಯ ನನಗೆ ಕಿವಿ ಕೇಳಿಸಲ್ಲ ಎಂದು ಮಗಳ ಹತ್ತಿರ ಹೇಳಿದರಂತೆ.

ಅಕ್ಕನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. "ಹಾಡು ಹೋದ್ರೆ ಹೋಗ್ಲಿ ಅನ್ಕೋಬಹುದಿತ್ತು. ಆದ್ರೆ ನನ್ನ ಮತ್ತೆ ದೇವರ ಮಧ್ಯೆ ಇದ್ದಿದ್ದು ಅದೊಂದೇ ದಾರಿ. ಅದೇ ಮುಚ್ಚಿಹೋಯ್ತಲ್ಲ ಅಂತ ಭಯ ಆಯ್ತು" ಎನ್ನುವಾಗ ಈಗಲೂ ಅವರ ಮುಖ ಸಣ್ಣದಾಗುತ್ತದೆ.

ಹದಿನಾರನೆಯ ದಿನ ದಿಂಬಿನ ಚೀಲವೊಂದರ ಮೂಲೆಯಲ್ಲಿ ಕೈಗೆ ಏನೋ ಗರಿಗರಿ ತಗುಲಿತು. ಮಾತ್ರೆಯ ಪೊಟ್ಟಣವಿರಬೇಕೆಂದು ತೆಗೆದರೆ ನಾಲ್ಕು ಮಡಿಕೆಯ ಕಾಗದ. ಚಿಕ್ಕದಾದ, ಒಂದಕ್ಕೊಂದು ತಾಗದ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಕೆಳಗೆ ಹಾಡುವವರಿಗೆ. ಎರಡು ವಾರದ ಮೇಲಾಯಿತು, ನಿಮ್ಮ ಹಾಡು ಕೇಳಿಸುತ್ತಿಲ್ಲ. ಹುಷಾರಾಗಿದ್ದೀರಾ? ಮಗಳ ಪರೀಕ್ಷೆ ಏನಾಯಿತು? ಇಂತಿ, ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ.

ಅಕ್ಕ ಕಾಗದವನ್ನು ಮೂರು ಸಲ ಓದಿದರು. ಆಮೇಲೆ ತಲೆಯೆತ್ತಿ ಕೊಳವೆಯ ಬಾಯನ್ನು ನೋಡಿದರು. ಅದರ ಮುಚ್ಚಳದ ಸ್ಪ್ರಿಂಗು ಎಂದೋ ಮುರಿದು, ಗಂಟು ಬೀಳಲು ಅಡ್ಡಿಯಾಗದಿರಲೆಂದು ಅವರೇ ಅದನ್ನು ಹಗ್ಗದಲ್ಲಿ ಮೇಲಕ್ಕೆ ಕಟ್ಟಿಟ್ಟಿದ್ದರು. ಬಟ್ಟೆ ಇಳಿಯುವ ದಾರಿಯಲ್ಲಿ ಧ್ವನಿ ಹತ್ತುತ್ತದೆ ಎಂದು ಇಪ್ಪತ್ತೆರಡು ವರ್ಷ ಅವರಿಗೆ ಹೊಳೆದೇ ಇರಲಿಲ್ಲ. ಯಂತ್ರದ ಮೊರೆತ ನೆಲಮಾಳಿಗೆಯಲ್ಲೇ ಉಳಿದು, ಕೊಳವೆಯ ಬಾಯಲ್ಲೇ ನಿಂತು ಹಾಡುತ್ತಿದ್ದ ಅಕ್ಕನ ಧ್ವನಿ ತಗಡು ಹಿಡಿದು ಮೇಲೇರುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಕೊಳವೆಯ ಬಾಗಿಲು ವಾರ್ಡಿನ ಒಳಗೇ ಇದೆ.

ಆಗ ಶುರುವಾಯಿತು ನೋಡಿ ಅಕ್ಕನ ಪೀಕಲಾಟ. ಇಪ್ಪತ್ತೆರಡು ವರ್ಷದಲ್ಲಿ ತಾವು ಏನೇನು ಹಾಡಿದ್ದೇವೆಂದು ಒಂದೊಂದಾಗಿ ನೆನಪಿಸಿಕೊಂಡರು. ಅತ್ತೆಯ ಜೊತೆಗಿನ ಮುನಿಸು, ಗಂಡನ ಗೊರಕೆ, ತಿಂಗಳುಗಟ್ಟಲೆ ಸತಾಯಿಸಿದ ಬಚ್ಚಲಿನ ಕೊಳಾಯಿ, ಮಗಳು ಗಣಿತದಲ್ಲಿ ಎರಡು ಸಲ ಫೇಲಾದದ್ದು. ಮೇಲ್ವಿಚಾರಕರ ತಲೆಗೂದಲಿನ ಬಣ್ಣ ವಾರಕ್ಕೊಂದು ತರಹ ಇರುತ್ತದಲ್ಲ ಯೇಸಪ್ಪಾ ಎಂದೂ ಒಂದು ಚರಣವಿತ್ತು. ನೆಲ ಬಾಯಿ ತೆರೆಯಬಾರದೇ ಎನ್ನಿಸಿತು, ಆದರೆ ಅವರು ಇದ್ದದ್ದೇ ನೆಲದ ಕೆಳಗೆ.

ಒಗೆದ ಬಟ್ಟೆ ಮೇಲಕ್ಕೆ ಒಯ್ಯುವುದು ಬೇರೆಯವರ ಕೆಲಸ. ಅಂದು ಅಕ್ಕ ತಾವೇ ಟ್ರಾಲಿ ಹಿಡಿದು ಲಿಫ್ಟು ಹತ್ತಿದರು. ನಾಲ್ಕನೇ ಮಹಡಿಯಲ್ಲಿ ಅವರ ಧ್ವನಿ ಕೇಳಿದ್ದೇ ತಡ ಹಿರಿಯ ನರ್ಸು ತಿರುಗಿ, ನೀವೇ ಅಲ್ಲವೇ ನಮ್ಮ ರೇಡಿಯೋ ಅಕ್ಕ ಎಂದರು. ಆ ವಾರ್ಡಿನಲ್ಲಿ ಆ ಹೆಸರು ಹನ್ನೆರಡು ವರ್ಷದಿಂದ ಇದೆಯಂತೆ. ಹೊಸದಾಗಿ ಬಂದ ನರ್ಸುಗಳಿಗೆ ಬೆಳಗಿನ ಔಷಧಿಯ ಹೊತ್ತನ್ನು ರೇಡಿಯೋ ಶುರುವಾದ ಮೇಲೆ ಎಂದೇ ಹೇಳಿಕೊಡುತ್ತಾರಂತೆ. ಮಗಳು ಕೊನೆಗೂ ಗಣಿತ ಪಾಸಾದ ದಿನ ಇಡೀ ವಾರ್ಡು ಸಿಹಿ ಹಂಚಿಕೊಂಡಿತ್ತು ಎಂಬುದೂ ಅಕ್ಕನಿಗೆ ಆಗಲೇ ಗೊತ್ತಾದದ್ದು. ಕೆಳಗೆ ಬಂದು ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲವೇ ಎಂದರೆ, ಹೇಳಿದರೆ ನೀವು ನಿಲ್ಲಿಸಿಬಿಡುತ್ತಿದ್ದಿರಿ ಎಂದು ನರ್ಸು ಸರಿಯಾಗಿಯೇ ಉತ್ತರಿಸಿದರು.

ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದವರು ಗಡಿಯಾರ ರಿಪೇರಿಯವರು. ಎಪ್ಪತ್ತರ ಆಸುಪಾಸು, ಒಣಕಲು ಮೈ, ಕಾಲಿನ ಮೂಳೆಗೆ ಕೀವು ತುಂಬಿ ಏಳು ವಾರದಿಂದ ಅಲ್ಲೇ ಮಲಗಿದ್ದವರು. ಅಕ್ಕ ಮೊದಲು ಕ್ಷಮೆ ಕೇಳಿದರು, ಇಷ್ಟು ದಿನ ನಿದ್ದೆ ಕೆಡಿಸಿದ್ದಕ್ಕೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ರಾತ್ರಿಯೆಲ್ಲ ನೋವು ನಿದ್ದೆ ಮಾಡೋಕೆ ಬಿಡಲ್ಲಮ್ಮ. ನಿಮ್ಮ ಹಾಡು ಕೇಳಿಸಿತು ಅಂದ್ರೆ ಐದೂಕಾಲು, ಇನ್ನೊಂದು ರಾತ್ರಿ ದಾಟಿದೆ ಅನ್ಕೊಳ್ತಿದ್ದೆ. ಈಗ ಎರಡು ವಾರದಿಂದ ರಾತ್ರಿ ಎಲ್ಲಿ ಮುಗಿಯುತ್ತೆ ಅಂತಲೇ ಗೊತ್ತಾಗ್ತಿಲ್ಲ" ಎಂದರು.

ಅಕ್ಕನಿಗೆ ಕೇಳದೆ ಇರಲಾಗಲಿಲ್ಲ. ನನ್ನ ರಾಗ ಹೇಗಿರುತ್ತದೆ ಎಂದು ನೆಲ ನೋಡಿಕೊಂಡು ಕೇಳಿದರು. ಗಡಿಯಾರದವರು ಮುಲಾಜಿನ ಮನುಷ್ಯರಲ್ಲ. ರಾಗ ಸರಿಯಿಲ್ಲ, ಸುಳ್ಳು ಯಾಕೆ ಹೇಳಲಿ ಎಂದರು. ಆಮೇಲೆ ಮುಂದುವರಿಸಿದರು.

"ಆದ್ರೆ ನೀವು ದಿನಾ ಒಂದೇ ಕಡೆ ತಪ್ತೀರಿ. ದಿನಾ ಐದೇ ನಿಮಿಷ ಮುಂದೆ ಓಡೋ ಗಡಿಯಾರನ ಕಣ್ಣು ಮುಚ್ಚಿ ನಂಬಬಹುದು. ನಾನು ದೇವರು ದಿಂಡರು ಅಂತ ಹೋದವನಲ್ಲ. ನೀವು ಹಾಡೋದು ಕೇಳಿದ್ರೆ ಆ ಕಡೆ ಯಾರೋ ಕೂತು ಕೇಳಿಸ್ಕೊಳ್ತಿದಾರೆ ಅನ್ನೋದು ಮಾತ್ರ ನನಗೂ ಗೊತ್ತಾಗ್ತಿತ್ತು."

ಇಷ್ಟು ಕೇಳಿದ ಮೇಲೆ ಮಾರನೆಯ ದಿನವೇ ಅಕ್ಕ ಹಾಡಿದರು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ನಿಜ ಹಾಗಿಲ್ಲ. ಮೊದಲು ಏಳು ಜನ ಕೇಳುತ್ತಾರಲ್ಲ ಎಂಬ ಸಂಕೋಚವಿತ್ತು, ಈಗ ಐದು ಮಹಡಿ ಕೇಳುತ್ತದಲ್ಲ ಎಂಬ ಗಾಬರಿ ಸೇರಿತು. ಎರಡು ಬೆಳಗ್ಗೆ ಬಾಯಿ ತೆರೆದರು, ಎರಡು ಬೆಳಗ್ಗೆಯೂ ಮುಚ್ಚಿಕೊಂಡು ಹಾಸು ಮಡಚಲು ಹೋದರು. ಕೇಳುವವರಿದ್ದಾರೆಂದು ಗೊತ್ತಾದ ಮೇಲೆ ಹಾಡಿದರೆ ಅದು ದೇವರಿಗೋ, ಜನಕ್ಕೋ? ನಾಲ್ಕು ಜನಕ್ಕೆ ಕೇಳಿಸಲೆಂದು ಮಾಡುವ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಎಂದು ಚಿಕ್ಕಂದಿನಲ್ಲಿ ಕಲಿತದ್ದು ಬೇರೆ ತಲೆಯಲ್ಲಿ ಕೊರೆಯುತ್ತಿತ್ತು.

ಹದಿನೆಂಟನೆಯ ದಿನ ಕೆಲಸ ಮುಗಿಸಿ ಹೊರಡುವಾಗ ಹಿರಿಯ ನರ್ಸು ಕೆಳಗೆ ಬಂದರು. ಗಡಿಯಾರದವರಿಗೆ ನಾಳೆ ಬೆಳಗ್ಗೆ ಆರಕ್ಕೆ ಶಸ್ತ್ರಚಿಕಿತ್ಸೆ, ಮೂಳೆ ಕೆರೆದು ನೋಡುತ್ತಾರೆ, ಉಳಿಯುವ ಹಾಗಿಲ್ಲದಿದ್ದರೆ ಕಾಲು ತೆಗೆಯುತ್ತಾರೆ, ಅವರಿಗೂ ಗೊತ್ತು ಎಂದಷ್ಟೇ ಹೇಳಿ ಹೋದರು. ಹಾಡಿ ಎಂದು ಕೇಳಲಿಲ್ಲ. ಕೇಳಿದ್ದರೆ ಹಾಡಲು ಆಗುತ್ತಲೇ ಇರಲಿಲ್ಲ ಎನ್ನುತ್ತಾರೆ ಅಕ್ಕ.

ಮರುದಿನ ಬೆಳಗ್ಗೆ ಅಕ್ಕ ಎಂದಿನಂತೆ ಹಾಸು ಬಿಡಿಸಿದರು, ತಡಕಿದರು, ತುಂಬಿದರು, ಗುಂಡಿ ಒತ್ತಿದರು. ಗೋಡೆಯ ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಮೇಲೊಬ್ಬರು ರಾತ್ರಿ ಮುಗಿಯುವುದನ್ನೇ ಕಾದು ಮಲಗಿದ್ದಾರೆ ಎಂದು ನೆನೆದದ್ದೇ ತಡ, ತಮ್ಮ ಮನೆಯಲ್ಲಿ ಎರಡು ಬೆರಳಲ್ಲಿ ಚಮಚ ಹಿಡಿದು ಕೂತವರ ಚಿತ್ರ ಕಣ್ಣ ಮುಂದೆ ಬಂತು. ದೇವರು ಆಗಲೂ ಎಲ್ಲವನ್ನೂ ತೆಗೆದುಕೊಳ್ಳಲಿಲ್ಲವಲ್ಲ ಎನ್ನಿಸಿತು. ಯಾರು ಕೇಳುತ್ತಾರೆ ಎನ್ನುವುದು ಅಲ್ಲಿಗೆ ಮರೆತುಹೋಯಿತು. ಕೊಳವೆಯ ಬಾಯಿಗೆ ಮುಖ ಕೊಟ್ಟು ಸ್ತೋತ್ರ ಯೇಸಪ್ಪಾ ಎಂದು ಎತ್ತಿದರು. ಹತ್ತೊಂಬತ್ತು ದಿನ ಮುಚ್ಚಿಟ್ಟ ಗಂಟಲು, ಮೊದಲ ಸಾಲು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು. ಎರಡನೆಯ ಸಾಲಿಗೆ ಧ್ವನಿ ತನ್ನ ಹಳೆಯ ಜಾಗದಲ್ಲಿ ಸರಿಯಾಗಿ ತಪ್ಪಿತು. ಹಿಂದೆ ಹಾಸು ಮಡಚುತ್ತಿದ್ದವರು ತಿರುಗಿ ನೋಡಿದರು. ಅಂದು ಕಿಸಕ್ಕನೆ ನಕ್ಕಿದ್ದಾಕೆಯೇ ಮಡಚಿದ ಹಾಸುಗಳ ಮೇಲೆ ಅಂಗೈಯಿಂದ ತಾಳ ಹಾಕತೊಡಗಿದಳು.

ಆಮೇಲೆ ನರ್ಸು ಹೇಳಿದ್ದಿಷ್ಟು. ಗಡಿಯಾರದವರನ್ನು ಸ್ಟ್ರೆಚರಿಗೆ ಎತ್ತಿದಾಗ ಕೊಳವೆಯ ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲಿಸಿ ಎಂದರಂತೆ. ಕೇಳಿಸಿಕೊಂಡು, ಸಮಯ ಸರಿಯಾಗಿದೆ, ನಡೀರಿ ಎಂದರಂತೆ. ಕಾಲು ಉಳಿಯಿತು. ಐದು ವಾರದ ನಂತರ ಊರುಗೋಲು ಹಿಡಿದು ಮನೆಗೆ ಹೋದರು. ಹೋಗುವ ದಿನ ನೆಲಮಾಳಿಗೆಗೆ ಬಂದು ಗೋಡೆಯ ಗಡಿಯಾರ ಇಳಿಸಿಕೊಂಡು, ಅಲ್ಲೇ ಸ್ಟೂಲಿನ ಮೇಲೆ ಕೂತು ಸರಿಮಾಡಿಕೊಟ್ಟರು. ಅದು ನಾಲ್ಕು ನಿಮಿಷ ನಿಧಾನವಾಗಿ ಓಡುತ್ತಿತ್ತಂತೆ.

ಅಕ್ಕ ಈಗ ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಕೊಳವೆಯ ಮುಚ್ಚಳಕ್ಕೆ ಹೊಸ ಸ್ಪ್ರಿಂಗು ಹಾಕಿಸಿದ್ದಾರೆ. ದೂರು ಹೇಳುವುದಿದ್ದರೆ ಮುಚ್ಚಳ ಮುಚ್ಚಿ, ಸ್ತೋತ್ರ ಹೇಳುವಾಗ ತೆರೆದು. ಕಷ್ಟವೆಂದರೆ ದೂರು ಯಾವಾಗ ಸ್ತೋತ್ರವಾಗುತ್ತದೆ ಎಂದು ಅವರಿಗೇ ಗೊತ್ತಾಗುವುದಿಲ್ಲ, ಮುಚ್ಚಳ ಹಾಕುವುದು ಎಷ್ಟೋ ದಿನ ಮರೆಯುತ್ತದೆ. ಕಳೆದ ವಾರ ಗಂಡನಿಗೆ ಕೊಡಿಸಿದ ಶ್ರವಣಯಂತ್ರವನ್ನು ಅವರು ಬೇಕೆಂದೇ ಆಫ್ ಮಾಡಿಕೊಳ್ಳುತ್ತಾರೆ ಎಂಬ ಸಮಾಚಾರ ಐದೂ ಮಹಡಿಗೆ ತಲುಪಿದೆ. ಆಸ್ಪತ್ರೆಯ ಸಮಾರಂಭದಲ್ಲಿ ವೇದಿಕೆ ಮೇಲೆ ಹಾಡಬೇಕೆಂದು ಕರೆ ಬಂದಾಗ ಮಾತ್ರ ಅಕ್ಕ ಸುತಾರಾಂ ಒಪ್ಪಲಿಲ್ಲ. ಅದು ಕಾರ್ಯಕ್ರಮವಲ್ಲ, ನನ್ನ ಪ್ರಾರ್ಥನೆ, ಕಿವಿಗೆ ಬಿದ್ದರೆ ಬೀಳಲಿ, ಬೇಕೆಂದೇ ಬೀಳಿಸುವುದಿಲ್ಲ ಎಂದು ಕೈ ಮುಗಿದರು.

ಮಗಳಿಗೆ ಈ ಕಥೆಯೆಲ್ಲ ಗೊತ್ತಾದದ್ದು ತಡವಾಗಿ. ರಜೆಯ ಒಂದು ಬೆಳಗ್ಗೆ ಅವಳು ಅಮ್ಮನ ಜೊತೆ ನೆಲಮಾಳಿಗೆಗೆ ಬಂದು, ಮಡಚಿದ ಹೊದಿಕೆಗಳ ಪಕ್ಕ ಕೂತು ಕೇಳಿದಳು. ಕಣ್ಣೊರೆಸಿಕೊಂಡು ಎದ್ದು ಧ್ವನಿ ಸೇರಿಸಲು ನೋಡಿದಳು. ನಾಲ್ಕು ಸಲ ಯತ್ನಿಸಿ, ನಿನ್ನ ಶ್ರುತಿ ಹಿಡಿಯೋದು ನನ್ನ ಕೈಲಿ ಆಗಲ್ಲಮ್ಮ ಎಂದು ಸೋತಳು. ಸರಿ ಬಿಡು, ಮೆಲ್ಲಗೆ ಹಾಡು ಎಂದರು ಅಕ್ಕ. ಹದಿಮೂರು ವರ್ಷದ ಹಳೆಯ ಮಾತು ಹಾಗೆ ಇಬ್ಬರ ನಗುವಿನಲ್ಲಿ ತೀರಿಹೋಯಿತು. ಈಗ ಭಾನುವಾರ ಕೊನೆಯ ಬೆಂಚಿನಲ್ಲಿ ಅಕ್ಕ ಧ್ವನಿ ತೆಗೆಯುತ್ತಾರೆ. ಜೋರಾಗಿ ಅಲ್ಲ, ಪಕ್ಕದವರಿಗೆ ಕೇಳುವಷ್ಟು.

ಇನ್ನು ಏಳು ವರ್ಷಕ್ಕೆ ನಿವೃತ್ತಿ. ಆಮೇಲೇನು ಎಂದರೆ ಅಕ್ಕನಿಗೆ ದೊಡ್ಡ ಯೋಜನೆಗಳಿಲ್ಲ. ಮಂಡಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕರೆ ಸಾಕಂತೆ. ಏನಾದರೂ ಆಸೆ ಇದ್ದೇ ಇರಬೇಕಲ್ಲ ಎಂದು ಮತ್ತೆ ಕೇಳಿದರೆ ಕೈಗವಸು ಎಳೆದುಕೊಳ್ಳುತ್ತಾ, ಸ್ವಲ್ಪ ನಾಚಿಕೊಂಡು ಹೇಳುತ್ತಾರೆ.

"ಮೇಲೆ ದೇವರ ಹತ್ರ ದೊಡ್ಡ ಗಾಯನ ತಂಡ ಇರುತ್ತಂತೆ, ಯಾವಾಗ್ಲೂ ಹಾಡ್ತಾನೇ ಇರ್ತಾರಂತೆ. ನನ್ನನ್ನ ಹಿಂದಿನ ಸಾಲಲ್ಲಿ, ಮೂಲೇಲಿ ನಿಲ್ಲಿಸಿದ್ರೂ ಪರವಾಗಿಲ್ಲ. ತುಟಿ ಆಡಿಸಿದ್ರೆ ಸಾಕು ಅಂತ ಮಾತ್ರ ಅನ್ನಬಾರದು."

ಅಷ್ಟರಲ್ಲಿ ಗಡಿಯಾರ ಐದೂಕಾಲು ತೋರಿಸುತ್ತದೆ. ಅಕ್ಕ ಕೈ ಚಾಚಿ ಕೊಳವೆಯ ಮುಚ್ಚಳ ತೆರೆಯುತ್ತಾರೆ.